ಸಾಕತ್ತೆ ಉಪ್ಪು ನೋಡಿ ಬಂದ ಪಿಚ್ಚರುಗಳು

ನಮ್ಮ ಮನೆಯಲ್ಲಿ ಸಾರಿಗೂ ಸಿನಿಮಾಕ್ಕೂ ಒಂದೇ ಕಾನೂನು. ಮೊದಲು ಸಾಕತ್ತೆ ಉಪ್ಪು ನೋಡಬೇಕು, ಆಮೇಲೆ ಉಳಿದವರ ಪಾಲು. ಸಾರಾದರೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, ಮನೆಯವರ ಉಸಿರೆಲ್ಲ ನಿಲ್ಲಿಸಿ, "ಒಂದು ಚಿಟಿಕೆ" ಅನ್ನುತ್ತಿದ್ದಳು. ಸಿನಿಮಾ ಆದರೆ ಬುಧವಾರ ಮಧ್ಯಾಹ್ನ ಕರಿ ಕೊಡೆ ಹಿಡಿದು ಜಯಲಕ್ಷ್ಮಿಪುರಂನಿಂದ ಪೇಟೆಯ ಟಾಕೀಸಿನ ತನಕ ನಡೆದೇ ಹೋಗಿ, ಹೆಂಗಸರ ಸಾಲಿನಲ್ಲಿ ನಿಂತು, ಮ್ಯಾಟಿನಿ ನೋಡಿ, ದೀಪ ಹಚ್ಚುವ ಹೊತ್ತಿಗೆ ನಡೆದೇ ವಾಪಸ್ ಬರುತ್ತಿದ್ದಳು. ಅದಕ್ಕೆ ನಮ್ಮ ಮನೆಯಲ್ಲಿ 'ಅತ್ತೆ ಉಪ್ಪು ನೋಡಕ್ಕೆ ಹೋಗವ್ಳೆ' ಅಂತಲೇ ಹೆಸರು. ಬಂದವಳು ಬಚ್ಚಲಲ್ಲಿ ಕಾಲು ತೊಳೆದು, ಅಡಿಗೆಮನೆಯಲ್ಲಿ ಮುದ್ದೆ ಕಟ್ಟುತ್ತಾ ಕಥೆ ಶುರು ಮಾಡುತ್ತಿದ್ದಳು. ಆ ಕೈಯಲ್ಲಿ ಮುದ್ದೆ ಒಂದು ಸಲ ರಾಜನಾಗುತ್ತಿತ್ತು, ಒಂದು ಸಲ ಬಂಡೆಯಾಗಿ ಉರುಳುತ್ತಿತ್ತು, ಕೊನೆಗೆ ನನ್ನ ತಟ್ಟೆಗೆ ಬಿದ್ದು ಬರೀ ಮುದ್ದೆಯಾಗುತ್ತಿತ್ತು. ಕಥೆ ಮುಗಿದ ಮೇಲೆ ತೀರ್ಪು. ಅದೂ ಎಲ್ಲರಿಗೂ ಒಂದೇ ತೀರ್ಪಲ್ಲ, ಸಾರು ಬಡಿಸಿದ ಹಾಗೆ ಅವರವರ ಹೊಟ್ಟೆ ನೋಡಿ. "ಪುಟ್ಟಿಗೆ ಆಯ್ತದೆ. ನಂಜಂಗೆ ಬ್ಯಾಡ." "ನಂಜಂಗೆ ಆಯ್ತದೆ, ಪುಟ್ಟಿಗೆ ಇನ್ನೆರಡು ವರ್ಸ ಕಳೀಲಿ." ಕೆಲವಕ್ಕೆ, "ಇದು ಯಾರ್ಗೂ ಬ್ಯಾಡ. ನಾನೊಬ್ಳು ನೋಡಿ ಕೆಟ್ಟಿದ್ದೇ ಸಾಕು."

ನಂಜ ಅಂದರೆ ನಾನು. ಆಗ ಹತ್ತು ವರ್ಷದ ಮಹಾಪುರುಷ. ಪುಟ್ಟಿ ನನ್ನ ತಂಗಿ, ಆರು ವರ್ಷದವಳು, ನನಗಿಂತ ಬುದ್ಧಿಯಲ್ಲಿ ಹಿರಿಯಳು. ಅಪ್ಪ ನಂಜನಗೂಡು ಕಡೆಯ ಹಳ್ಳಿಯ ಹೊಲ ಬಿಟ್ಟು ಬಂದು, ಆಗಷ್ಟೇ ಕಾರ್ಖಾನೆಗಳು ಏಳುತ್ತಿದ್ದ ಮೇಟಗಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದ. ಸಾಕತ್ತೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ಒಂದು ತಗಡಿನ ಪೆಟ್ಟಿಗೆಯ ಸಮೇತ ತಮ್ಮನ ಮನೆಗೆ ಬಂದವಳು. ಮನೆ ಪ್ರೊಫೆಸರುಗಳ ಬಂಗಲೆಗಳ ಹಿಂದೆ ಅವಿತುಕೊಂಡಿದ್ದ ಹೆಂಚಿನ ಮನೆ. ಒಂದು ನಡುಮನೆ, ಹೊಗೆ ಹಿಡಿದ ಅಡಿಗೆಮನೆ, ಮತ್ತೆ ಒಂದೇ ಒಂದು ಕೋಣೆ. ಬೀಗ ಹಾಕುವಂಥ ಬಾಗಿಲು ಇದ್ದದ್ದು ಆ ಕೋಣೆಗೆ ಮಾತ್ರ, ಅದೂ ಹಳ್ಳಿಯಿಂದ ಗಾಡಿಯಲ್ಲಿ ತಂದ ತೇಗದ ಬಾಗಿಲು. ಕೋಣೆಗೆ ಹಿತ್ತಲ ಕಡೆ ಸರಳಿನ ಕಿಟಕಿ. ಕಿಟಕಿಯ ಎದುರಿಗೆ ಬಾವಿ, ಬಾವಿಯ ಮೇಲೆ ಬಾಗಿಕೊಂಡ ಸೀಬೆಮರ. ಅತ್ತೆಯ ಪೆಟ್ಟಿಗೆ ಆ ಕೋಣೆಯಲ್ಲೇ ಇತ್ತು. ಅದರೊಳಗೆ ಎರಡು ಸೀರೆ, ಮಿಕ್ಕಿದ್ದೆಲ್ಲ ಸಿನಿಮಾ ನೋಟೀಸುಗಳು. ಜಟಕಾಕ್ಕೆ ಎರಡು ಕಡೆ ಬೋರ್ಡು ಕಟ್ಟಿ ತಮಟೆ ಬಾರಿಸುತ್ತಾ ಎಸೆದು ಹೋಗುತ್ತಿದ್ದರಲ್ಲ, ಆ ಬಣ್ಣದ ಕಾಗದಗಳು. ಅತ್ತೆಗೆ ಓದು ಬರುತ್ತಿರಲಿಲ್ಲ. ಬಣ್ಣದ ಮೇಲೇ ಅಷ್ಟೂ ಪಿಚ್ಚರುಗಳನ್ನು ನೆನಪಿಟ್ಟುಕೊಂಡಿದ್ದಳು.

ಗಂಡ ಸತ್ತ ಹೆಂಗಸು ಒಬ್ಬಳೇ ಟಾಕೀಸಿಗೆ ಹೋಗುವುದು ಅಂದರೆ ನೆಂಟರ ಬಾಯಿಗೆ ಎಲೆ ಅಡಿಕೆ ಸಿಕ್ಕ ಹಾಗೆ. ಊರಿಂದ ಬಂದ ಚಿಕ್ಕತಾತ ಒಂದು ದಿನ ನಡುಮನೆಯಲ್ಲಿ ಕೂತು ಕೇಳಿಯೇ ಬಿಟ್ಟಿದ್ದ.

"ಏನ್ಲಾ, ನಿಮ್ಮಕ್ಕ ವಾರ ವಾರ ಬಯಸ್ಕೋಪ್ ನೋಡಕ್ಕೋಯ್ತಾಳಂತೆ?"

"ನೋಡಕ್ಕಲ್ಲ ಚಿಕ್ಕಪ್ಪ," ಅಂದ ಅಪ್ಪ. "ಚೆಕ್ ಮಾಡಕ್ಕೆ. ಮಕ್ಳಿಗೆ ತೋರಿಸ್ಬೋದಾ ಇಲ್ವಾ ಅಂತ."

ಚಿಕ್ಕತಾತ ತಲೆಯಾಡಿಸಿದ. ಮಕ್ಕಳಿಗೋಸ್ಕರ ಅಂದರೆ ಆಗ ಏನು ಬೇಕಾದರೂ ಮಾಡಬಹುದಿತ್ತು. ಅಡಿಗೆಮನೆಯಲ್ಲಿ ಅತ್ತೆ ಒಲೆ ಊದುವ ನೆವದಲ್ಲಿ ನಗುತ್ತಿದ್ದಳು. ಆ ಬುಧವಾರಗಳು ನಿಂತಿದ್ದದ್ದು ಈ ಒಂದು ನೆವದ ಮೇಲೆ. ಅದನ್ನು ಕಿತ್ತು ಹಾಕಿದ ಪುಣ್ಯಾತ್ಮ ನಾನು.

ಆಗಿದ್ದಿಷ್ಟು. ಪೇಟೆಗೆ ಒಂದು ಕತ್ತಿವರಸೆಯ ಪಿಚ್ಚರು ಬಂದಿತ್ತು. ಕ್ಲಾಸಿನಲ್ಲಿ ಅದನ್ನು ನೋಡದೆ ಉಳಿದವರು ಇಬ್ಬರೇ, ನಾನು ಮತ್ತೆ ಗೋಡೆಯ ಮೇಲಿನ ಭೂಪಟ. ಅತ್ತೆ ಉಪ್ಪು ನೋಡಿ ಬಂದು, "ನಂಜಂಗೆ ಬ್ಯಾಡ" ಅಂದಳು. ಕಾರಣವೂ ಇತ್ತು. ಹಿಂದಿನ ಸಲ ಅಂಥದ್ದೊಂದನ್ನು ನೋಡಿ ಬಂದು ನಾನು ಮೊರವನ್ನು ಗುರಾಣಿ ಮಾಡಿಕೊಂಡು, ಮುದ್ದೆ ಕೋಲನ್ನು ಕತ್ತಿ ಮಾಡಿಕೊಂಡು, ಶತ್ರುಸೈನ್ಯದ ಮೇಲೆ ನುಗ್ಗಿದ್ದೆ. ಶತ್ರುಸೈನ್ಯ ಅಂದರೆ ಮಜ್ಜಿಗೆ ಗಡಿಗೆ. ಅದು ವೀರಮರಣ ಹೊಂದಿತು. ಆದರೂ ನನಗೆ ಅನ್ಯಾಯವಾಗಿದೆ ಅಂತಲೇ ಅನ್ನಿಸಿತು. ಸೇಡು ತೀರಿಸಿಕೊಳ್ಳಲು ಸ್ಕೂಲಿನ ಮೇಷ್ಟರು ದಾರಿ ತೋರಿಸಿದರು. ಪ್ರತಿ ಪಿಚ್ಚರನ್ನೂ ಸರ್ಕಾರದವರು ಮೊದಲೇ ಕೂತು ನೋಡಿ ಸರ್ಟಿಫಿಕೇಟು ಕೊಡುತ್ತಾರೆ, ದೊಡ್ಡವರಿಗೆ ಮಾತ್ರ ಆದರೆ 'ಎ', ಎಲ್ಲರೂ ನೋಡಬಹುದಾದರೆ 'ಯು', ನೋಟೀಸಿನ ಮೂಲೆಯಲ್ಲೂ ಹಾಕಿರುತ್ತಾರೆ, ಪರದೆಯ ಮೇಲೂ ಮೊದಲಿಗೆ ಬರುತ್ತದೆ ಅಂತ ಅವರು ಹೇಳಿದ್ದೇ ತಡ, ನನಗೆ ಸ್ವರ್ಗದ ಬಾಗಿಲ ಚಿಲಕ ಸಿಕ್ಕ ಹಾಗಾಯಿತು. ಅತ್ತೆಯ ಪೆಟ್ಟಿಗೆಯಿಂದ ಕತ್ತಿವರಸೆಯ ನೋಟೀಸು ಕದ್ದು ನೋಡಿದೆ. ಮೂಲೆಯಲ್ಲಿ ಸಣ್ಣ ಉಂಗುರದೊಳಗೆ 'ಯು' ಕೂತಿತ್ತು. ರಾತ್ರಿ ಊಟದ ಹೊತ್ತಿಗೆ ಅದನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟೆ.

ಅಪ್ಪನ ವಿಚಾರ ಸ್ವಲ್ಪ ಹೇಳಬೇಕು. ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಚೆಕಿಂಗ್. ದಿನವಿಡೀ ಬೋಲ್ಟುಗಳನ್ನು ಗೇಜಿಗೆ ಹಾಕಿ ನೋಡುವುದು, ಸರಿಯಾದದ್ದಕ್ಕೆ ಮುದ್ರೆ ಒತ್ತುವುದು, ಇಲ್ಲದ್ದನ್ನು ಬುಟ್ಟಿಗೆ ಎಸೆಯುವುದು. ಮುದ್ರೆ ಅಂದರೆ ಅವನಿಗೆ ದೇವರು. ಸರ್ಕಾರಿ ಮುದ್ರೆ ಇಲ್ಲದ ಪಾವಿನಲ್ಲಿ ಅಂಗಡಿಯವನು ಅಕ್ಕಿ ಅಳೆದರೆ ಚೀಲ ಅಲ್ಲೇ ಬಿಟ್ಟು ಬರುತ್ತಿದ್ದ. ಅಂಥವನು ನೋಟೀಸನ್ನು ದೀಪದ ಹತ್ತಿರ ಹಿಡಿದು ನೋಡಿದ. ನಾನು ಮೇಷ್ಟರ ಮಾತನ್ನು ಮಸಾಲೆ ಹಾಕಿ ಒಪ್ಪಿಸಿದೆ.

"ಅಕ್ಕಯ್ಯ," ಅಂದ ಅಪ್ಪ, "ಇದನ್ನ ಸರ್ಕಾರದೋರೇ ನೋಡಿ ಪಾಸ್ ಮಾಡವ್ರೆ."

"ಮಾಡ್ಲಿ ಬುಡು," ಅಂದಳು ಅತ್ತೆ. "ಅವರ ಮನೇಲಿ ಮಜ್ಜಿಗೆ ಗಡಿಗೆ ಇಲ್ದೆ ಇರ್ಬೋದು."

"ತಮಾಸೆ ಅಲ್ಲ ಅಕ್ಕಯ್ಯ. ಅಷ್ಟು ಜನ ಓದಿದೋರು ಕೂತು ನೋಡಿ ಮುದ್ರೆ ಒತ್ತಿದ ಮ್ಯಾಲೆ ನಾವು ಇನ್ನೊಂದ್ಸಲ ಚೆಕ್ ಮಾಡೋದು ಏನದೆ? ನೀನೂ ಸುಮ್ನೆ ಬಿಸಿಲಲ್ಲಿ ಅಷ್ಟು ದೂರ ನಡೀಬೇಕು."

ಅಪ್ಪ ನಿಜವಾಗಿ ಅವಳ ಕಾಲಿನ ನೋವಿನ ಮೇಲಿನ ಮರುಕಕ್ಕೇ ಹಾಗಂದ. ಅತ್ತೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಮುದ್ದೆಯನ್ನು ಎರಡು ಸಲ ಸುಮ್ಮನೆ ಉರುಳಿಸಿ, "ಸರಿ ಕಣಪ್ಪ, ನನ್ಗೂ ಕಾಲ್ನೋವು" ಅಂದಳು. ಅವತ್ತು ಕಥೆ ಇರಲಿಲ್ಲ. ಕತ್ತಿವರಸೆ ಪಿಚ್ಚರು ಅಷ್ಟರಲ್ಲಿ ಟಾಕೀಸಿನಿಂದ ಎತ್ತಿಹೋಗಿತ್ತು. ನನ್ನ ಯೋಗ್ಯತೆಗೆ ಅದೂ ಸಿಗಲಿಲ್ಲ.

ಮುಂದಿನ ಬುಧವಾರ ಮಧ್ಯಾಹ್ನ ನಾನು ಸ್ಕೂಲಿನಿಂದ ಹೊಟ್ಟೆನೋವು ಅಂತ ಓಡಿ ಬಂದಿದ್ದೆ. ಅತ್ತೆ ಟಾಕೀಸಿಗೆ ಉಡುವ ಬೂದು ಸೀರೆ ಉಟ್ಟುಕೊಂಡು ನಡುಮನೆಯ ಕಂಬಕ್ಕೆ ಒರಗಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಕೊಡೆ ಗೂಟದ ಮೇಲೇ ಇತ್ತು. ಯಾಕತ್ತೆ ಸೀರೆ ಅಂತ ಕೇಳಿದೆ. "ಬುಧವಾರ ಅಲ್ವಾ" ಅಂದಳು. ಅದರ ಮುಂದಿನ ಬುಧವಾರ ಆ ಸೀರೆಯೂ ಇರಲಿಲ್ಲ. ರಾತ್ರಿಯ ಊಟಗಳು ಮೂಕವಾದವು. ಮುದ್ದೆ ಕಟ್ಟುವುದು, ಹಾಕುವುದು, ನುಂಗುವುದು. ನಮ್ಮವ್ವ ಆಗ ಏಳು ತಿಂಗಳ ಬಸುರಿ. "ಅತ್ಗೆ, ಏನಾರ ಹೇಳಿ, ಅನ್ನ ಇಳೀತಿಲ್ಲ" ಅಂದರೆ ಅತ್ತೆ, "ಏನೇಳ್ಲಿ, ನೋಡಿದ್ರಲ್ವಾ ಹೇಳೋದು" ಅನ್ನುತ್ತಿದ್ದಳು. ನಾನು ಒಂದು ಪಿಚ್ಚರಿಗಾಗಿ ಮನೆಯ ಎಲ್ಲ ಪಿಚ್ಚರುಗಳನ್ನೂ ನಿಲ್ಲಿಸಿದ್ದೆ ಅಂತ ತಿಳಿಯಲು ನನ್ನಂಥವನಿಗೂ ಹದಿನೈದು ದಿನ ಸಾಕಾಯಿತು.

ಇನ್ನೊಂದು ತಿಂಗಳಾದ ಮೇಲೆ, ಒಂದು ಭಾನುವಾರ ಅಪ್ಪ ನನ್ನನ್ನೂ ಪುಟ್ಟಿಯನ್ನೂ ಒಂದು ಸಂಸಾರದ ಪಿಚ್ಚರಿಗೆ ಕರೆದುಕೊಂಡು ಹೋದ. ಉಪ್ಪು ನೋಡದೆ ಬಡಿಸಿದ ಮೊದಲನೇ ಸಾರು. ಪರದೆಯ ಮೇಲೆ ಸರ್ಟಿಫಿಕೇಟು ಬಂದಾಗ ಅಪ್ಪ ನಮ್ಮಿಬ್ಬರ ಭುಜ ತಟ್ಟಿ, "ನೋಡಿ, ಯು" ಅಂದ. ಅವನದೇ ಕೈಯ ಮುದ್ರೆಯೇನೋ ಅನ್ನುವ ಹಾಗೆ. ಮುದ್ರೆಯೂ ಸುಳ್ಳಲ್ಲ. ಅದರಲ್ಲಿ ಒಂದು ಕೆಟ್ಟ ಮಾತಿರಲಿಲ್ಲ, ಒಂದು ಹೊಡೆದಾಟ ಇರಲಿಲ್ಲ. ಒಬ್ಬಳು ಒಳ್ಳೆಯ ತಾಯಿ, ಗಲ್ಲದ ಮೇಲೆ ದೊಡ್ಡ ಮಚ್ಚೆ ಇದ್ದವಳು. ಅವಳಿಗೆ ಒಬ್ಬಳು ಸಣ್ಣ ಮಗಳು. ತಾಯಿ ಬಸುರಿ. ದಿನ ತುಂಬಿದಾಗ ಅವಳನ್ನು ಕಮಾನು ಗಾಡಿಯಲ್ಲಿ ಮಲಗಿಸಿ ಕಳಿಸುತ್ತಾರೆ. ಮಗಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಾಳೆ. ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಆಮೇಲೆ ಒಂದು ದೀಪ ತಾನೇ ಆರುತ್ತದೆ. ಮುಂದಿನ ಸೀನಿನಲ್ಲಿ ಗಾಡಿ ಖಾಲಿ ಬರುತ್ತದೆ, ಯಾರದೋ ಕೈಯಲ್ಲಿ ಕೂಸು. ಟಾಕೀಸಿನ ತುಂಬ ಮೂಗು ಸೇದುವ ಸದ್ದು. ನನ್ನ ಕಣ್ಣಿಗೂ ಏನೋ ಧೂಳು ಬಿದ್ದಿತ್ತು, ಎರಡೂ ಕಣ್ಣಿಗೆ. ಪುಟ್ಟಿ ಮಾತ್ರ ಅಳಲಿಲ್ಲ. ಅಪ್ಪನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಮನೆಗೆ ಬಂದ ಮೇಲೂ ಬಿಡಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಲೇಬೇಕು. ಅತ್ತಿದ್ದು ಯಾರಿಗೂ ಗೊತ್ತಾಗಬಾರದು ಅಂತ, ಮನೆಗೆ ಬಂದ ಕೂಡಲೇ ಕಂಬಳಿ ಹೊದ್ದು, ತಲೆದಿಂಬನ್ನು ಹೊಟ್ಟೆಗೆ ಕಟ್ಟಿಕೊಂಡು, ಸಾಯುವ ಸೀನನ್ನು ಆಡಿ ತೋರಿಸಿದೆ. "ಮಗಳೇ, ನಾನಿನ್ನು ಬರೋದಿಲ್ಲ" ಅಂತ ನರಳಿ, ನಡುಮನೆಯ ಈ ತುದಿಯಿಂದ ಆ ತುದಿಗೆ ಉರುಳಿ, ಕಾಲು ಎರಡು ಸಲ ಒದರಿ ಸತ್ತೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಿದ್ದೇ ತಪ್ಪಾಯಿತು, ಇನ್ನೊಂದು ಸಲ ಸತ್ತೆ. ಆ ವಾರ ನಾನು ಏಳೆಂಟು ಸಲ ಸತ್ತಿರಬೇಕು. ಪುಟ್ಟಿ ಕಂಬದ ಹಿಂದೆ ನಿಂತು ನನ್ನನ್ನಲ್ಲ, ಅವ್ವನ ಹೊಟ್ಟೆಯನ್ನು ನೋಡುತ್ತಿದ್ದಳು.

ಪುಟ್ಟಿ ಊಟ ಬಿಟ್ಟಳು. ಸ್ಕೂಲಿಗೆ ಹೋಗಲೊಲ್ಲೆ ಅಂದಳು. ಅವ್ವ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತಿರುತ್ತಿದ್ದಳು. ಮಲಗುವಾಗ ತನ್ನ ಲಂಗದ ಲಾಡಿಯನ್ನು ಅವ್ವನ ಸೆರಗಿಗೆ ಗಂಟು ಹಾಕುತ್ತಿದ್ದಳು. ಒಂದು ದಿನ ಬೀದಿಯಲ್ಲಿ ಎತ್ತಿನಗಾಡಿಯ ಸದ್ದು ಕೇಳಿ ಓಡಿ ಹೋಗಿ ಬಾಗಿಲ ಅಗಣಿ ಹಾಕಿದಳು. ಅತ್ತೆ ಅದನ್ನು ನೋಡಿದಳು. ಆವತ್ತು ಅಪ್ಪ ಕೆಲಸದಿಂದ ಬಂದು ಸೈಕಲ್ ಒರಗಿಸುವ ಮೊದಲೇ ಕೇಳಿದಳು.

"ಏನಿತ್ತು ಆ ಪಿಚ್ಚರಲ್ಲಿ?"

"ಏನಿಲ್ಲ ಅಕ್ಕಯ್ಯ. ಸಂಸಾರದ್ದು. ಮುದ್ರೆ ಇತ್ತು."

"ಮುದ್ರೆ ಇರ್ಲಿ. ಏನಿತ್ತು?"

ಅಪ್ಪ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. ಅತ್ತೆ ಕೂಗಾಡಲಿಲ್ಲ.

"ಮನೇಲಿ ದಿನ ತುಂಬ್ತಾ ಇರೋಳು ಅವ್ಳೆ ಅಂತ ಆ ಸರ್ಕಾರದೋರ್ಗೆ ಎಂಗಪ್ಪ ಗೊತ್ತಾಗ್ಬೇಕು? ಅವರದ್ದೇನೂ ತಪ್ಪಿಲ್ಲ. ನಿಂಗೆ ಗೊತ್ತಿತ್ತಲ್ಲ."

ಅಪ್ಪನಿಗೆ ಸಿಟ್ಟು ಬಂತು. ತಪ್ಪು ಗೊತ್ತಾದಾಗ ಬರುವ ಸಿಟ್ಟು. "ಊರಿಗೆಲ್ಲ ಆಗೋದು ನಮ್ಮನೆಗೆ ಆಗಲ್ವಾ? ಮಕ್ಳು ಅಂದ್ಮೇಲೆ ಎಲ್ಲಾನೂ ಕಲೀಬೇಕು. ನಾಲ್ಕು ದಿನ ಹೋದ್ರೆ ಮರೀತಾಳೆ" ಅಂದು ಊಟ ಮಾಡದೆ ಮಲಗಿದ. ನಾಲ್ಕು ದಿನ ಹೋಯಿತು, ಎಂಟು ದಿನ ಹೋಯಿತು. ಪುಟ್ಟಿ ಮರೆಯಲಿಲ್ಲ. ನಾವ್ಯಾರೂ ಅವಳೆದುರಿಗೆ ಆಸ್ಪತ್ರೆ ಅನ್ನುವ ಮಾತೆತ್ತುತ್ತಿರಲಿಲ್ಲ. ಹೇಳದೆ ಮುಚ್ಚಿಟ್ಟ ಮಾತು ಮಕ್ಕಳಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ನೋವು ಬಂದದ್ದು ಮಧ್ಯಾಹ್ನ, ಅಪ್ಪ ಕಾರ್ಖಾನೆಯಲ್ಲಿದ್ದಾಗ. ಅತ್ತೆ ಅವ್ವನನ್ನು ಕೋಣೆಯಲ್ಲಿ ಮಲಗಿಸಿ, ಹೊರಗೆ ಬಂದು ನನ್ನ ಕಿವಿಯಲ್ಲಿ, "ಓಡು, ಜಟಕಾ ಕರ್ಕಂಬಾ" ಅಂದು ಬಚ್ಚಲಿಗೆ ನೀರು ಕಾಯಿಸಲು ಹೋದಳು. ನಾನು ಓಡಿದೆ. ಚಪ್ಪಲಿ ಒಂದು ಕಡೆ, ನಾನೊಂದು ಕಡೆ. ಜಟಕಾ ಸ್ಟ್ಯಾಂಡಿನಲ್ಲಿ ಉಸಿರು ಸಿಕ್ಕಿಕೊಂಡು, "ಅವ್ವ, ಹೆರಿಗೆ" ಅನ್ನುವ ಬದಲು "ಗಡಿಗೆ, ಗಡಿಗೆ" ಅಂದಿರಬೇಕು, ಜಟಕಾ ಹೊಡೆಯುವ ಸಾಬರು, "ಯಾವ ಗಡಿಗೆ ಬೇಟಾ?" ಅಂದರು. ಅಂತೂ ಅವರ ಪಕ್ಕದಲ್ಲಿ ಕೂತು ಬಂದೆ. ಗೆಜ್ಜೆ ಸದ್ದು ಮಾಡಿಕೊಂಡು ಜಟಕಾ ಬಾಗಿಲಿಗೆ ನಿಂತಿತು. ಈಗ ಯೋಚಿಸಿದರೆ, ಕಮಾನಿನ ಗಾಡಿ ಅದು. ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ನೋಡಿದಳು. ಒಳಗೆ ಹೋದಳು.

ನಾನು ಕುದುರೆಗೆ ಹುಲ್ಲು ತಿನ್ನಿಸುವ ದೊಡ್ಡಸ್ತಿಕೆ ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಕೋಣೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಅವ್ವ ಒಳಗೆ. ಅತ್ತೆ ಬಾಗಿಲು ನೂಕುತ್ತಿದ್ದಳು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಾಬರು ಒಳಗೆ ಬಂದು ಭುಜ ಕೊಟ್ಟು ಎರಡು ಸಲ ನೂಕಿದರು. ತೇಗದ ಬಾಗಿಲು ನಮ್ಮ ಮುತ್ತಾತನ ಹಾಗೆ ಅಲುಗಲಿಲ್ಲ. "ಹಾರೆ ತರ್ತೀನಿ ಅಮ್ಮಾ" ಅಂತ ಅವರು ಬೀದಿಗೆ ಓಡಿದರು. ಹಿತ್ತಲಿನಿಂದ ಅವ್ವನ ದನಿ ಕೇಳಿಸಿತು, ಕಿಟಕಿಯಿಂದ.

"ಪುಟ್ಟಿ, ಬಾವಿ ಕಡೆ ಬಗ್ಬ್ಯಾಡ ಕಣವ್ವ."

ಓಡಿ ಹೋಗಿ ನೋಡಿದರೆ ಪುಟ್ಟಿ ಸೀಬೆಮರದ ಮೇಲೆ, ಬಾವಿಯ ಮೇಲೆ ಚಾಚಿದ ಕೊಂಬೆಯಲ್ಲಿ ಕುದುರೆ ಹತ್ತಿದ ಹಾಗೆ ಕೂತಿದ್ದಳು. ಕೈ ನೀಡಿ ಹಿಡಿದಿದ್ದಳು. ಕೈಯಲ್ಲಿ ಬೀಗದ ಕೈ. ಕೆಳಗೆ ನೀರು.

"ಹತ್ರ ಬಂದ್ರೆ ಹಾಕ್ಬುಡ್ತೀನಿ," ಅಂದಳು. "ಅವ್ವ ಗಾಡೀಲಿ ಹೋಗ್ಬಾರ್ದು."

ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ಸುಮ್ಮನಿರುತ್ತಾನೆ. ನಾನು ಮರ ಹತ್ತಿದೆ. ನನ್ನ ಎಣಿಕೆಯಲ್ಲಿ ಹಿಂದಿನಿಂದ ಬೆಕ್ಕಿನ ಹಾಗೆ ಹೋಗಿ ಕೈ ಹಿಡಿಯುವುದು ಅಂತ. ಮೂರನೇ ಕೊಂಬೆಗೆ ಕಾಲಿಡುವಾಗ ಚಡ್ಡಿಯ ಹಿಂಭಾಗ ಒಂದು ಮುರುಕು ಕವಲಿಗೆ ಸಿಕ್ಕಿಕೊಂಡಿತು. ಜಾರಿದೆ. ಬೀಳಲಿಲ್ಲ, ಅದೇ ದುರದೃಷ್ಟ. ಚಡ್ಡಿಯ ಆಧಾರದಲ್ಲಿ ತೂಗಿಕೊಂಡು, ಕೈಗೆ ಸಿಕ್ಕ ಕೊಂಬೆ ಅಪ್ಪಿಕೊಂಡೆ. ನನ್ನ ಭಾರಕ್ಕೆ ಇಡೀ ಮರ ತೊನೆಯಿತು. ಪುಟ್ಟಿ ಕೂತ ಕೊಂಬೆಯೂ ಬಾಗಿತು. ಅವಳು ಎರಡೂ ಕೈಯಲ್ಲಿ ಕೊಂಬೆ ಹಿಡಿದುಕೊಂಡಳು, ಬೀಗದ ಕೈ ಬೆರಳ ನಡುವೆ. ಕಿಟಕಿಯಲ್ಲಿ ಅವ್ವ ಸರಳು ಹಿಡಿದು ನಿಂತಿದ್ದಳು. ಕಿರುಚಲಿಲ್ಲ. ತುಟಿ ಕಚ್ಚಿಕೊಂಡಿದ್ದಳು, ನೋವಿಗೋ ಭಯಕ್ಕೋ.

"ನಂಜ," ಅಂದಳು ಅತ್ತೆ, "ಉಸ್ರು ಬಿಡ್ದೆ ಅಂಗೇ ಇರು."

ಅವಳು ಮರದ ಹತ್ತಿರ ಬರಲಿಲ್ಲ. ಬಾವಿಯ ಕಟ್ಟೆಯ ಮೇಲೆ, ಅಡಿಗೆಮನೆಯಲ್ಲಿ ಕೂರುತ್ತಿದ್ದ ಹಾಗೆ, ಒಂದು ಮಂಡಿ ಮಡಚಿ ಕೂತಳು. ಮನೆಯಲ್ಲಿ ಯಾರಿಗೂ ಅವಸರವೇ ಇಲ್ಲ ಅನ್ನುವ ಹಾಗೆ ಸೆರಗು ಸರಿ ಮಾಡಿಕೊಂಡಳು. ಸರಿಯಾಗಿದ್ದ ಸೆರಗನ್ನೇ ಮತ್ತೆ ಮತ್ತೆ ಸರಿ ಮಾಡಿಕೊಂಡಳು. ನಾನು ಮೇಲಿದ್ದೆನಲ್ಲ, ನನಗೆ ಕಂಡಿತು.

"ಪುಟ್ಟವ್ವ, ನಾನು ಆ ಪಿಚ್ಚರ್ ನೋಡ್ಲಿಲ್ಲ ಕಣೆ. ಸತ್ತೋದ್ಲಲ್ಲ, ಅವ್ಳು ನೋಡಕ್ಕೆ ಎಂಗಿದ್ಲು?"

"ಬೆಳ್ಳಗೆ," ಅಂದಳು ಪುಟ್ಟಿ. "ಗಲ್ಲದ ಮೇಲೆ ಮಚ್ಚೆ."

"ಯಾವ ಕಡೆ ಗಲ್ಲ?"

ಪುಟ್ಟಿ ಯೋಚಿಸಿ ತನ್ನ ಎಡಗಲ್ಲವನ್ನು ಭುಜಕ್ಕೆ ಒರಸಿ ತೋರಿಸಿದಳು.

"ಓ, ಅವ್ಳಾ," ಅಂದಳು ಅತ್ತೆ. ಊರಿನ ಹಳೆಯ ಗೆಳತಿಯ ಸುದ್ದಿ ಬಂದ ಹಾಗೆ. "ಅವ್ಳು ಸಾಯದ್ರಲ್ಲಿ ಎತ್ತಿದ ಕೈ. ಹೋದ ಬ್ಯಾಸ್ಗೇಲಿ ಒಂದರಲ್ಲಿ ಹಾವು ಕಚ್ಚಿ ಸತ್ಲು. ಅಯ್ಯೋ ಅಂತ ನಾನು ಅತ್ಕಂಡು ಬಂದೆ. ದಸರಾ ಹೊತ್ಗೆ ಇನ್ನೊಂದಕ್ಕೆ ಹೋಗಿ ನೋಡ್ತೀನಿ, ಅವ್ಳೇ ಕುಂತ್ಕಂಡು ರೊಟ್ಟಿ ಬಡೀತಾವ್ಳೆ. ಅದ್ರಲ್ಲಿ ಹೊಳೆಗೆ ಬಿದ್ದು ಸತ್ಲು. ಸಂಕ್ರಾಂತಿಗೆ ಮತ್ತೆ ಬಂದ್ಲು, ಮೊದಲ್ಗಿಂತ ದಪ್ಪಗೆ."

"ಸುಳ್ಳು."

"ನಿಮ್ಮಣ್ಣನ್ನ ಕೇಳು. ಹಾವು ಕಚ್ಚಿದ್ದು ಹೇಳ್ದಾಗ ಅವ್ನು ಮುದ್ದೆ ಬಾಯಲ್ಲಿಟ್ಕಂಡು ಕುಂತಿದ್ನಾ ಇಲ್ವಾ?"

ಜೀವನದಲ್ಲಿ ಮೊದಲ ಸಲ ನನ್ನನ್ನು ಸಾಕ್ಷಿಗೆ ಕರೆದಿದ್ದರು. ಚಡ್ಡಿಯಿಂದ ನೇತಾಡುವವನ ಮಾತಿಗೆ ಬೆಲೆ ಇರುವುದಿಲ್ಲ ಅಂತ ಗೊತ್ತಿದ್ದೂ, "ಹೌದು ಪುಟ್ಟಿ, ನುಂಗಕ್ಕಾಗಿರ್ಲಿಲ್ಲ" ಅಂದೆ. ಪುಟ್ಟಿ ನನ್ನ ಕಡೆ ನೋಡಲೂ ಇಲ್ಲ. ನ್ಯಾಯ. ಎಂಟು ಸಲ ಸತ್ತವನ ಮಾತು ಅದು.

"ನೋಟೀಸ್ ಅವೆಯಲ್ಲ," ಅಂದಳು ಅತ್ತೆ ಕಿಟಕಿಯ ಕಡೆ ತಿರುಗಿ. "ಪೆಟ್ಗೆ ನಿನ್ ಕಾಲ ಹತ್ರಾನೇ ಅದೆ ನೋಡು. ಆಯ್ತದಾ?"

"ಯಾವ ಬಣ್ಣ ಅತ್ಗೆ?" ಅಂದಳು ಅವ್ವ.

"ಹಳ್ದಿ ಒಂದು. ರೋಜು ಒಂದು. ಹಸಿರು."

ಅವ್ವ ಕಿಟಕಿಯಿಂದ ಮರೆಯಾದಳು. ಪೆಟ್ಟಿಗೆಯ ಮುಚ್ಚಳದ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಉದ್ದನೆಯ ಉಸಿರು, ಹಲ್ಲು ಕಚ್ಚಿ ಬಿಟ್ಟದ್ದು. ಅತ್ತೆ ಕಟ್ಟೆ ಬಿಟ್ಟು ಏಳಲಿಲ್ಲ. ಏಳದೆ ಕೂರುವುದಕ್ಕೆ ಅವಳಿಗೆ ಎಷ್ಟು ಬಲ ಬೇಕಾಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಸರಳಿನ ನಡುವೆ ಅವ್ವನ ಕೈ ಕಂಡಿತು, ಮೂರು ಬಣ್ಣದ ಕಾಗದ. ಅತ್ತೆ ಅವನ್ನು ತೆಗೆದುಕೊಂಡು ಬಂದು ಒಂದೊಂದಾಗಿ ಪುಟ್ಟಿಯ ಕಡೆ ಎತ್ತಿ ಹಿಡಿದಳು. ಹಳದಿಯಲ್ಲಿ ಮಚ್ಚೆ. ರೋಜಿನಲ್ಲಿ ಮಚ್ಚೆ. ಹಸಿರಿನಲ್ಲಿ ಅವಳೇ, ಮಚ್ಚೆ, ನಗುತ್ತಿದ್ದಳು. ಪುಟ್ಟಿ ಬಗ್ಗಿ ನೋಡಿದಳು. ಮೂರನ್ನೂ ಎರಡೆರಡು ಸಲ ನೋಡಿದಳು.

"ಹಂಗಾದ್ರೆ ಅವ್ವನೂ ಎದ್ದು ಬತ್ತಾಳಾ?"

ಅತ್ತೆ ಹೌದು ಅಂದುಬಿಡಬಹುದಿತ್ತು. ನಾನಾಗಿದ್ದರೆ ದೇವರಾಣೆಯನ್ನೂ ಸೇರಿಸಿ ಅನ್ನುತ್ತಿದ್ದೆ. ಅವಳು ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಅವ್ಳು ಸಾಯೋ ವೇಸ ಹಾಕ್ದೋಳು, ಎದ್ದು ಬಂದ್ಲು. ನಿಮ್ಮವ್ವ ವೇಸ ಹಾಕಿಲ್ಲ ಕಣವ್ವ. ಅವ್ಳು ಹೆರಕ್ಕೆ ಹೋಯ್ತಾವ್ಳೆ. ನೀನು ಹುಟ್ದಾಗ್ಲೂ ಹೋಗಿದ್ಲು, ಈ ಮಂಗ ಹುಟ್ದಾಗ್ಲೂ ಹೋಗಿದ್ಲು. ಅದಿರ್ಲಿ, ಒಂದು ಕೇಳ್ತೀನಿ. ಆ ಪಿಚ್ಚರಲ್ಲಿ ಗಾಡೀಲಿ ಅವ್ಳ ಜೊತೆ ಯಾರು ಕುಂತಿದ್ರು?"

ಪುಟ್ಟಿ ಯೋಚಿಸಿದಳು. "ಯಾರೂ ಇಲ್ಲ."

"ಅವ್ಳ ಅತ್ಗೆ?"

"ಇರ್ಲಿಲ್ಲ. ಒಬ್ಳೇ ಮಲ್ಗಿದ್ಲು."

"ಅದ್ಕೇ ಮತ್ತೆ," ಅಂದಳು ಸಾಕತ್ತೆ. "ಇಲ್ಲಿ ನಾನ್ ಕುಂತ್ಕೊತೀನಿ. ದಾರಿಯುದ್ದಕ್ಕೂ ಕೈ ಹಿಡ್ಕತೀನಿ. ಒಳಿಕ್ಕೂ ಹೋಯ್ತೀನಿ, ಅವ್ರು ಬ್ಯಾಡ ಅಂದ್ರೂ ಬಾಗ್ಲಲ್ಲಿ ಕುಂತಿರ್ತೀನಿ. ನಾನ್ ಎದ್ದು ಬರೋದು ನಿಮ್ಮವ್ವನ ಜೊತೇನೇ."

ಪುಟ್ಟಿ ಅವ್ವನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಬೀಗದ ಕೈ ಹಿಡಿದ ಕೈಯನ್ನು ನಿಧಾನವಾಗಿ ಬಾವಿಯ ಮೇಲಿನಿಂದ ಕಟ್ಟೆಯ ಕಡೆ ತಂದಳು. ಅತ್ತೆ ಸೆರಗು ಹರಡಿದಳು. ಪುಟ್ಟಿ ಬಿಟ್ಟಳು. ಆ ಪವಿತ್ರ ಗಳಿಗೆಯಲ್ಲಿ ನಾನು, ನಡುವೆ ಇದ್ದವನು, ಹಿಡಿಯೋಣ ಅಂತ ಕೈ ಚಾಚಿದೆ. ನನ್ನ ಬೆರಳಿಗೆ ತಗಲಿ ಅದು ದಾರಿ ತಪ್ಪಿತು. ಕಟ್ಟೆಯ ಕಲ್ಲಿನ ಮೇಲೆ ಠಣ್ ಅಂತ ಬಿದ್ದು, ಪುಟಿದು, ನೀರಿನ ಕಡೆ ಜಾರುತ್ತಾ ಹೋಯಿತು. ಕಾಲುನೋವಿನ ಸಾಕತ್ತೆ ಅದರ ಮೇಲೆ ಹೆಜ್ಜೆ ಇಟ್ಟಳು. ಅಷ್ಟು ಬೇಗ ಅವಳು ಕಾಲು ಇಟ್ಟಿದ್ದನ್ನು ನಾನು ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಗ್ಗಿ ಎತ್ತಿಕೊಂಡು ನನ್ನ ಕಡೆ ಒಮ್ಮೆ ನೋಡಿದಳು.

"ನೀನು ಅಲ್ಲೇ ಇರು," ಅಂದು ಒಳಗೆ ಹೋದಳು.

ಹಾರೆ ತಂದ ಸಾಬರು ಪುಟ್ಟಿಯನ್ನು ಇಳಿಸಿದರು. ನನ್ನನ್ನು ಇಳಿಸಲು ಹಾರೆಯೇ ಬೇಕಾಯಿತು. ಜಟಕಾ ಹೊರಟಾಗ ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಕೈ ಬೀಸಲಿಲ್ಲ. ಗಾಡಿಯ ಹಿಂಬದಿಯಿಂದ ಕಾಣುತ್ತಿದ್ದ ಅತ್ತೆಯ ಬೂದು ಸೆರಗನ್ನೇ ನೋಡುತ್ತಿದ್ದಳು. ತಿರುವಿನಲ್ಲಿ ಅದು ಮರೆಯಾಗುವಾಗ ನನ್ನ ಕೈ ಹಿಡಿದುಕೊಂಡಳು. ಸಂಜೆ ಅಪ್ಪ ಬರುವ ತನಕ ನಾವಿಬ್ಬರೂ ಆ ಬಾಗಿಲು ಬಿಟ್ಟು ಅಲುಗಲಿಲ್ಲ. ನಾನು ಆಗ ಒಂದು ತಮಾಷೆಯನ್ನೂ ಮಾಡಲಿಲ್ಲ. ದೀಪ ಹಚ್ಚಿ, ಗಾಳಿಗೆ ಅದೆಲ್ಲಿ ಆರಿಹೋಗುತ್ತದೋ ಅಂತ ಎರಡೂ ಕೈ ಅಡ್ಡ ಹಿಡಿದು ಕೂತೆ.

ಆರಲಿಲ್ಲ. ತಮ್ಮ ಹುಟ್ಟಿದ. ಕೊಟ್ಟ ಮಾತಿನಂತೆ ಅತ್ತೆ ಅವ್ವನ ಜೊತೆಯಲ್ಲೇ ವಾಪಸ್ ಬಂದಳು, ಅಷ್ಟು ದಿನವೂ ಮನೆಗೆ ಒಂದು ಸಲ ಬಂದು ಹೋಗಲಿಲ್ಲ. ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದ್ದು ಪುಟ್ಟಿಯೇ. ಅಪ್ಪ ಕೇಳಿಸಿಕೊಂಡು ಹಿತ್ತಲಿಗೆ ಹೋಗಿ, ಬಾವಿಯ ಮೇಲಿನ ಕೊಂಬೆಯನ್ನು ಕಡಿದು ಹಾಕಿದ. ಬಾಣಂತಿತನದ ಗಡಿಬಿಡಿ ಸ್ವಲ್ಪ ತಗ್ಗಿದ ಮೇಲೆ, ಒಂದು ಮಂಗಳವಾರ ಕೆಲಸದಿಂದ ಬಂದವನು ಜೇಬಿನಿಂದ ಒಂದು ನೀಲಿ ನೋಟೀಸು ತೆಗೆದು ಒಲೆಯ ಪಕ್ಕದ ಮಣೆಯ ಮೇಲಿಟ್ಟ.

"ಅಕ್ಕಯ್ಯ, ನಾಳೆ ಬುಧವಾರ."

ಅತ್ತೆ ಕಾಗದದ ಮೂಲೆಯನ್ನು ನೋಡಿದಳು. ಅಷ್ಟರಲ್ಲಿ ಆ ಒಂದು ಅಕ್ಷರವನ್ನು ಗುರುತು ಹಿಡಿಯುವುದು ಅವಳಿಗೆ ಬಂದಿತ್ತು. "ಮುದ್ರೆ ಅದೆಯಲ್ಲಪ್ಪ."

"ಅದೆ. ಪಾಸಾದ ಬೋಲ್ಟೆಲ್ಲ ಎಲ್ಲಾ ಮಿಶಿನ್ಗೂ ಕೂರಲ್ಲ ಅಕ್ಕಯ್ಯ. ಕೂರ್ಸೋರು ಒಂದ್ಸಲ ಹಾಕಿ ನೋಡ್ಬೇಕು." ಅಪ್ಪ ಒಂದು ಸೌದೆ ಎತ್ತಿ ಒಲೆಗೆ ತಳ್ಳಿದ. "ನಾಳೆ ರಜಾ ಹಾಕಿದ್ದೀನಿ. ಬಾಣಂತಿ ನೀರು ನಾನೇ ಕಾಯಿಸ್ತೀನಿ."

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಮುದ್ರೆ ಬಿದ್ದ ಪಿಚ್ಚರು ಮಾತ್ರ. 'ಎ' ಇದ್ದದ್ದನ್ನು ಅಪ್ಪ ಬಾಗಿಲಲ್ಲೇ ಬುಟ್ಟಿಗೆ ಎಸೆಯುತ್ತಿದ್ದ, ಅತ್ತೆಗೆ ಸುಮ್ಮನೆ ಕಾಲು ಸವೆಸುವ ಕೆಲಸ ತಪ್ಪಿತು. 'ಯು' ಇದ್ದದ್ದು ಮುಂದೆ ಅವಳ ಅಂಗೈಗೆ ಹೋಗುತ್ತಿತ್ತು.

ಆ ಬುಧವಾರ ಅತ್ತೆ ದೀಪ ಹಚ್ಚುವ ಹೊತ್ತಿಗೆ ಬಂದಳು. ಕಾಲು ತೊಳೆದು, ಕೊಡೆಯನ್ನು ಗೂಟಕ್ಕೆ ಹಾಕಿ, ಮುದ್ದೆಗೆ ಕೈ ಹಾಕಿದಳು. ನಾವೆಲ್ಲ ಸುತ್ತ ಕೂತೆವು. ಅವ್ವ ಕೋಣೆಯ ಬಾಗಿಲಿಗೆ ಒರಗಿ, ತಮ್ಮನನ್ನು ಮಡಿಲಲ್ಲಿ ಹಾಕಿಕೊಂಡು. ಆ ಪಿಚ್ಚರಿನಲ್ಲಿ ಹಡಗು ಮುಳುಗುತ್ತದೆ, ಆನೆ ಓಡುತ್ತದೆ, ಕೋಟೆಯಿಂದ ಒಬ್ಬ ಹಗ್ಗ ಹಿಡಿದು ಹಾರುತ್ತಾನೆ. ನನ್ನ ಬಾಯಲ್ಲಿ ನೀರೂರಿತು. ಮುದ್ದೆ ಹಡಗಾಗಿ ಸಾರಿನಲ್ಲಿ ಮುಳುಗಿತು. ಆಮೇಲೆ ಅತ್ತೆ ಕೈ ಒರೆಸಿಕೊಂಡು ಮೊದಲು ಪುಟ್ಟಿಯನ್ನು ನೋಡಿದಳು.

"ಪುಟ್ಟಿಗೆ ಆಯ್ತದೆ. ಗಟ್ಟಿ ಹೆಣ್ಣು."

"ನನ್ಗೆ?" ಅಂದೆ.

ಅತ್ತೆ ನನ್ನನ್ನು ನೋಡಿದಳು, ಕೋಣೆಯ ಕಿಟಕಿಯಾಚೆ ಬಾವಿಯ ಹಗ್ಗವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಇವ್ನಿಗೆ ಬ್ಯಾಡ," ಅಂದಳು.